ಬಿಚ್ಚಿ ನೇಯ್ದ ಕಂಬಳಿ

“ಇದ್ದ ಒಂದು ಕಾಯಿಲೆಯನ್ನು ನೀವು ಎರಡು ಮಾಡಿ ಕೂತಿದ್ದೀರಿ ಎನ್ನುತ್ತಾರೆ ಆ ತಾಯಿ. ಅವರಿಗೆ ಏನು ಹೇಳಲಿ ಸರ್?” ಎಂದು ಶಿಷ್ಯೆ ನಾಗವೇಣಿ ಕೇಳಿದಳು.

ಗುರುಗಳಾದ ಮಹಾಲಿಂಗಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಾಗೆ ಇಟ್ಟರೆ ನೇರ ಉತ್ತರ ಸಿಗುವುದಿಲ್ಲ, ಕತೆ ಬರುತ್ತದೆ ಎಂಬುದು ಅವರ ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತಿತ್ತು. ನಾಗವೇಣಿ ಕುರ್ಚಿ ಎಳೆದುಕೊಂಡು ಕೂತಳು.

ಅವಳ ಸಂಕಟ ಸಣ್ಣದಲ್ಲ. ಕೆಳಗಿನ ಬೆಂಚಿನ ಮೇಲೆ ಹೊನ್ನಮ್ಮ ಎಂಬ ಹೆಂಗಸು ಕಾಯುತ್ತಿದ್ದಳು. ಅವಳ ಏಳು ವರ್ಷದ ಮಗನ ಹೃದಯದ ಸ್ನಾಯು ಮೂರನೆಯ ವರ್ಷದಿಂದ ಸೋಲುತ್ತಾ ಬಂದಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಹುಡುಗ ಕೂತುಬಿಡುತ್ತಿದ್ದ. ಎರಡು ವರ್ಷದ ಹಿಂದೆ ಅವನ ತೋಳಿನಿಂದ ಚೂರು ಚರ್ಮ ತೆಗೆದುಕೊಂಡಿದ್ದರು. ನಾಗವೇಣಿ ಆ ಚರ್ಮದ ಕೋಶಗಳನ್ನು ಹಿಂದಕ್ಕೆ ತಿರುಗಿಸಿ ಕಾಂಡಕೋಶಗಳನ್ನಾಗಿ ಮಾಡಿದ್ದಳು. ಕಾಂಡಕೋಶವೆಂದರೆ ಇನ್ನೂ ಏನೂ ಆಗದ, ಮುಂದೆ ಏನು ಬೇಕಾದರೂ ಆಗಬಲ್ಲ ಕೋಶ. ಅವುಗಳಿಂದ ಮತ್ತೆ ಹೃದಯದ ಕೋಶಗಳನ್ನು ಬೆಳೆಸಿದಳು. ಅವು ಗಾಜಿನ ತಟ್ಟೆಯಲ್ಲಿ ಮಿಡಿದವು. ಕೆಲವು ವಾರಗಳಾದ ಮೇಲೆ ಹುಡುಗನ ಎದೆಯೊಳಗಿನ ಹಾಗೆಯೇ ಅಲ್ಲೂ ಮಿಡಿತ ಸೋಲತೊಡಗಿತು. ಕಾಯಿಲೆ ತಟ್ಟೆಯಲ್ಲೂ ಕಾಣಿಸಿಕೊಂಡಿತೆಂದು ಅಂದು ಲ್ಯಾಬಿನವರೆಲ್ಲ ಸಿಹಿ ಹಂಚಿಕೊಂಡು ತಿಂದಿದ್ದರು. ಹೊನ್ನಮ್ಮನಿಗೆ ಅದು ಹೇಗೆ ಸಿಹಿಯಾದೀತು? ಔಷಧಿಯಂತೂ ಇನ್ನೂ ಇಲ್ಲ. ಮೂರು ತಿಂಗಳಿಂದ ನಾಗವೇಣಿ ಆಕೆಯ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದಳು. ಇವತ್ತು ಆ ಬಾಗಿಲಲ್ಲೇ ಸಿಕ್ಕಿಬಿದ್ದಳು.

ಗುರುಗಳು ಕತೆ ತೆಗೆದರು.

ಒಬ್ಬ ಕಂಬಳಿ ನೇಯುವವನಿದ್ದ. ಕೈಗುಣ ಒಳ್ಳೆಯದು. ಗಿಡ್ಡ ಕಂಬಳಿ ನೇಯ್ದರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತಿತ್ತು. ಉದ್ದ ಕಂಬಳಿ ಮಾತ್ರ ಎರಡನೆಯ ಚಳಿಗಾಲಕ್ಕೆ ಅಂಚಿನಿಂದ ಒಂದು ಗೇಣು ಒಳಗೆ ಹರಿಯುತ್ತಿತ್ತು. ಯಾವಾಗಲೂ ಅಲ್ಲಿಯೇ. ಅವನು ಅಲ್ಲಿಗೆ ತೇಪೆ ಹಾಕಿ ಕೊಡುತ್ತಿದ್ದ. ಉದ್ದ ಕಂಬಳಿಯ ಹಣೆಬರಹವೇ ಅಷ್ಟು ಎಂದು ಜನರೂ ಸುಮ್ಮನಾಗಿದ್ದರು. ತೇಪೆ ಹಾಕುವುದರಲ್ಲಿ ಅವನಷ್ಟು ಜಾಣ ಆ ಸೀಮೆಯಲ್ಲೇ ಇರಲಿಲ್ಲ.

ಒಂದು ದಿನ ಕುರಿ ಕಾಯುವ ಹೆಂಗಸೊಬ್ಬಳು ತನ್ನ ಉದ್ದ ಕಂಬಳಿ ತಂದಳು. ತೇಪೆಯೂ ಕಿತ್ತುಬಂದಿತ್ತು. ಅವಳಿಗೆ ಎಳೆಕೂಸು, ಕುರಿಯ ಹಿಂದೆ ಬಯಲಲ್ಲಿ ಮಲಗುವ ಬದುಕು. ತಾಯಿಗೂ ಮಗುವಿಗೂ ಸೇರಿ ಇದ್ದದ್ದು ಆ ಒಂದೇ ಹೊದಿಕೆ. ನೇಕಾರನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸೂಜಿ ಪಕ್ಕಕ್ಕಿಟ್ಟ. ತನ್ನ ಮನೆಯ ಕಂಬಳಿ ತಂದು ಅವಳಿಗೆ ಕೊಟ್ಟ. ಅದು ಗಿಡ್ಡ, ಮಗುವಿಗೆ ಸಾಕು, ತಾಯಿಗೆ ಸಾಲದು. ಆಮೇಲೆ ಅವಳ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಎಳೆ ಎಳೆಯಾಗಿ ಬಿಚ್ಚತೊಡಗಿದ.

ನೇಯ್ದದ್ದನ್ನು ಬಿಚ್ಚುವ ನೇಕಾರನನ್ನು ಇವತ್ತೇ ಕಂಡದ್ದು ಎಂದು ಊರವರು ಆಡಿಕೊಂಡು ನಕ್ಕರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನೂಲನ್ನು ತೊಳೆದ, ಹರಿದ ಕಡೆ ಗಂಟು ಹಾಕಿದ, ಮೊದಲಿನಿಂದ ಶುರುಮಾಡಿದ. ಏನನ್ನೂ ಬದಲಿಸಲಿಲ್ಲ. ಅಪ್ಪ ಕಲಿಸಿದಂತೆಯೇ, ತಾನು ಮೂವತ್ತು ವರ್ಷ ಮಾಡಿದಂತೆಯೇ ಮಾಡಿದ. ತಪ್ಪು ಮತ್ತೆ ಬರಲಿ, ಬರುವಾಗ ಕಣ್ಣಿಗೆ ಬೀಳಲಿ ಎಂಬುದೊಂದೇ ಅವನ ಆಸೆ.

ಉದ್ದೆಳೆಗಳನ್ನು ಓಣಿಯಲ್ಲಿ ಎರಡು ಗೂಟಗಳ ನಡುವೆ ಬಿಗಿದು, ಹುಣಸೆಬೀಜದ ಗಂಜಿ ಬಳಿದು, ಬಿಸಿಲಲ್ಲಿ ಒಣಗಿಸಿ, ಆಮೇಲೆ ಮಗ್ಗಕ್ಕೆ ಏರಿಸುವುದು ಅವರ ಪದ್ಧತಿ. ಅವನು ಹಾಗೆ ಬಿಗಿದು ಗಂಜಿ ಬಳಿಯುವಾಗ ಆ ಹೆಂಗಸು ಬಂದು ನಿಂತಳು. ದಿನವೂ ಬರುತ್ತಿದ್ದಳು. ಚಳಿಯಲ್ಲಿ ನಡುಗುವವಳನ್ನು ನೋಡಿದರೆ ನೇಕಾರನಿಗೆ ಕೈ ಓಡುತ್ತಿರಲಿಲ್ಲ.

“ದೂರ ಕೂತ್ಕೊ ತಾಯಿ. ನೂಲು ಮುಟ್ಟಬ್ಯಾಡ, ಕೆಡ್ತೈತೆ” ಎಂದ.

ಅವಳು ಗೋಡೆಗೆ ಒರಗಿ ಕೂತಳು. ಹೊತ್ತು ಇಳಿಯಿತು. ನೇಕಾರ ಎಳೆಗಳನ್ನು ಸುತ್ತಿಡಲು ಈಚೆಯ ಗೂಟದ ಬಳಿ ಬಗ್ಗಿದ. ಅವಳು ಮಗುವನ್ನು ಕಂಕುಳಿಗೆ ಏರಿಸಿಕೊಂಡು ಎದ್ದಳು. ಅವನ ಮಾತು ಮೀರಿ, ಈಚೆಯ ತುದಿಯನ್ನೂ ಆಚೆಯ ತುದಿಯನ್ನೂ ಅಂಗೈಯಿಂದ ಸವರಿದಳು.

“ಯಣ್ಣಾ, ಆ ತುದಿ ಬೆಚ್ಚಗೈತೆ, ಈ ತುದಿ ಥಣ್ಣಗೈತಲ್ಲ!”

ನೇಕಾರ ಅವಳು ನಿಂತಿದ್ದ ಆಚೆಯ ತುದಿಗೆ ಬಂದು ಮುಟ್ಟಿದ. ಮೂವತ್ತು ವರ್ಷ ಗಂಜಿ ಮೆತ್ತಿ ಜಡ್ಡುಗಟ್ಟಿದ ಕೈಗೆ ಏನೂ ತಿಳಿಯಲಿಲ್ಲ. ಬಗ್ಗಿ ಮೂಸಿದ, ಹಸಿ ಗಂಜಿಯ ಹುಳಿ ವಾಸನೆ. ತಲೆ ಎತ್ತಿದ, ಬೇವಿನ ಮರ. ಅಪ್ಪ ಆ ಗೂಟ ನೆಟ್ಟಾಗ ಆ ಮರ ಮೊಣಕಾಲೆತ್ತರದ ಸಸಿ. ಈಗ ಅದರ ನೆರಳು ದಿನವಿಡೀ ಆಚೆಯ ತುದಿಯ ಮೇಲೆ ಬೀಳುತ್ತಿತ್ತು. ಗಿಡ್ಡ ಕಂಬಳಿಯ ಎಳೆಗೆ ನಡುವೆಯೇ ಬೇರೆ ಗೂಟವಿತ್ತು, ಅದು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಉದ್ದದ್ದು ಹೋಗಿ, ಒಣಗದೆ, ಒಳಗೊಳಗೇ ಕೊಳೆಯುತ್ತಿತ್ತು. ಎರಡನೆಯ ಚಳಿಗಾಲದಲ್ಲಿ ಬಾಯಿ ಬಿಡುವ ತೂತು ಮಗ್ಗ ಹತ್ತುವ ಮೊದಲೇ ಹುಟ್ಟಿತ್ತು. ನೇಕಾರ ಗೂಟ ಕಿತ್ತು ಬಿಸಿಲಿಗೆ ನೆಟ್ಟ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ನಾಗವೇಣಿ ಬಿಡಲಿಲ್ಲ.

“ಆಕೆಯ ಕಂಬಳಿ ಏನಾಯಿತು ಸರ್?”

“ಗಂಟು ಗಂಟಾಗಿ ಬಂತು. ಮೊದಲಿನಷ್ಟು ಬೆಚ್ಚಗಿರಲಿಲ್ಲ, ಆದರೆ ಹರಿಯಲಿಲ್ಲ. ಆಮೇಲೆ ಆ ಓಣಿಯಲ್ಲಿ ನೇಯ್ದ ಉದ್ದ ಕಂಬಳಿ ಯಾವುದೂ ಹರಿಯಲಿಲ್ಲ. ಕೆಡೋ ಜಾಗ ಸಿಕ್ಕಿದ್ದು ನನ್ನ ಕೈಗೆ ಎಂದು ಆಕೆ ಊರಿಗೆಲ್ಲ ಕೈ ತೋರಿಸಿಕೊಂಡು ತಿರುಗಿದಳಂತೆ.”

ನಾಗವೇಣಿ ನಕ್ಕಳು. ಮೂರು ತಿಂಗಳ ಭಾರ ಎದೆಯಿಂದ ಇಳಿದ ಹಾಗಾಯಿತು. ಎದ್ದು ನಿಂತಳು.

“ಈಗ ಹೋಗಿ ಹೇಳುತ್ತೇನೆ ಸರ್. ಕಾಯಿಲೆಯನ್ನು ಎರಡು ಮಾಡಿದ್ದಲ್ಲ, ಅದು ಹುಟ್ಟುವ ಗಳಿಗೆಯನ್ನು ನೋಡುವುದಕ್ಕೆ ಮೊದಲಿನಿಂದ ನೇಯುತ್ತಿದ್ದೇವೆ ಎಂದು. ಅವರಿಗೆ ಖಂಡಿತ ಅರ್ಥವಾಗುತ್ತದೆ.”

ಗುರುಗಳು ಕನ್ನಡಕ ಹಾಕಿಕೊಂಡರು.

“ಹೇಳುವುದಕ್ಕೆ ಹೋಗಬೇಡ, ಆ ತಾಯಿಯನ್ನು ಮೇಲಕ್ಕೆ ಕರೆದುಕೊಂಡು ಬಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸು.”

ನಾಗವೇಣಿ ತಾನು ಕೂತಿದ್ದ ಕುರ್ಚಿಯನ್ನೇ ಎತ್ತಿಕೊಂಡು ಲ್ಯಾಬಿನ ಕಡೆ ನಡೆದಳು.