ಬೆಳಗಿದ ನಾಣ್ಯ

ಕಪಿಲೆಯ ದಂಡೆಯ ಮಠದಲ್ಲಿ ಪೂಜೆಯ ಪಾತ್ರೆ ಬೆಳಗುವವನು ಶಿಷ್ಯ ಚನ್ನಮಲ್ಲ. ಹುಣಸೆಹಣ್ಣು, ಒಂದು ಹಿಡಿ ಬೂದಿ ಕೊಟ್ಟರೆ ಸಾಕು, ಕರಿ ಹಿಡಿದ ತಂಬಿಗೆಯಲ್ಲೂ ಮುಖ ನೋಡಿಕೊಳ್ಳಬಹುದಿತ್ತು. ಪುಣ್ಯಾತ್ಮನಿಗೆ ಬೇರೆ ಯಾವ ವಿದ್ಯೆಯೂ ತಲೆಗೆ ಹತ್ತಲಿಲ್ಲ. ಗುರುಗಳ ಬಾಯಿಂದ ಒಮ್ಮೆ 'ಭೇಷ್' ಅನ್ನಿಸಿಕೊಳ್ಳಬೇಕೆಂಬ ಆಸೆ ಮಾತ್ರ ಬಿಟ್ಟಿರಲಿಲ್ಲ.

ಗುರುಗಳ ಕಣ್ಣು ಆಗಲೇ ಮಂಜಾಗಿತ್ತು. ಒಂದು ಬೆಳಿಗ್ಗೆ ಅವನನ್ನು ಕರೆದು, ಗಟ್ಟಿ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಯೊಂದನ್ನು ಕೈಗಿಟ್ಟರು. ಒಳಗೆ ಹಳೆಯ ತಾಮ್ರದ ನಾಣ್ಯ. ಹಾಳಾಗದಿರಲಿ ಎಂದು ಭಕ್ತನೊಬ್ಬ ಹಾಕಿಕೊಟ್ಟಿದ್ದ ಡಬ್ಬಿ, ಬಿಗಿಯಾಗಿ ಕಚ್ಚಿಕೊಂಡಿತ್ತು.

"ಇದನ್ನ ಹೊರಗೆ ತೆಗಿ, ಚನ್ನಮಲ್ಲ. ಸಾಯೋದರೊಳಗೆ ಒಂದ್ಸಲ ಮುಟ್ಟಬೇಕು."

"ಚಾಕು ಹಾಕಿ ಎಬ್ಬಿಸಲಾ ಬುದ್ಧಿ?"

"ಬೇಡ, ಜಾರಿದರೆ ಗೀರು ಬೀಳ್ತದೆ. ಬಟ್ಟೆ ಮಡಿಸಿ ಹಾಸಿಕೋ. ಸಂದಿಗೆ ಉಗುರು ಕೊಟ್ಟು ಸುತ್ತಲೂ ಸ್ವಲ್ಪ ಸ್ವಲ್ಪವೇ ಸಡಿಲಿಸು. ಅಂಚು ಹಿಡಿದು ಎತ್ತು. ನಾಣ್ಯದ ಮುಖಕ್ಕೆ ಬೆರಳು ತಾಗಿಸಬೇಡ."

ಚನ್ನಮಲ್ಲ ಬಾವಿಕಟ್ಟೆಯ ಮೇಲೆ ಕೂತು, ಉಸಿರು ಬಿಗಿಹಿಡಿದು ಹಾಗೇ ಮಾಡಿದ. ಉಗುರು ಕಿತ್ತು ರಕ್ತ ಬಂತು, ಬಿಡಲಿಲ್ಲ. ಟಕ್ ಅಂತ ಮುಚ್ಚಳ ಬಿಟ್ಟುಕೊಂಡಿತು. ನಾಣ್ಯ ಬಟ್ಟೆಯ ಮೇಲೆ ಬಿತ್ತು, ಒಂದು ಗೀರೂ ಇಲ್ಲ.

ಆದರೆ ಎಂಥ ಕೊಳೆ! ನಡುವೆ ಕಪ್ಪಗೆ ಏನೋ ಮೆತ್ತಿಕೊಂಡಿತ್ತು. ಇಂಥದ್ದನ್ನು ಗುರುಗಳ ಕೈಗೆ ಕೊಡುವುದೇ? ತೆಗೆಯುವಾಗ ಮುಟ್ಟಬೇಡ ಅಂದಿದ್ದರು; ತೆಗೆದ ಮೇಲೆ ಬೆಳಗಬೇಡ ಅಂದಿರಲಿಲ್ಲವಲ್ಲ. ಅಯ್ಯೋ, ಆ ಕೈ ಅವತ್ತೊಂದು ದಿನ ಸುಮ್ಮನಿರಬಾರದಿತ್ತೇ!

ಫಳಫಳ ಹೊಳೆಯುವ ನಾಣ್ಯವನ್ನೂ ಖಾಲಿ ಡಬ್ಬಿಯನ್ನೂ ಹಿಡಿದು ಓಡಿಬಂದ.

ಗುರುಗಳು ಹೆಬ್ಬೆರಳನ್ನು ನಾಣ್ಯದ ಮೇಲೆ ಒತ್ತಿದರು. ಸವರಿದರು. ಮಗುಚಿ ಮತ್ತೆ ಸವರಿದರು. ಮೂಗಿನ ಹತ್ತಿರ ಹಿಡಿದರು.

"ಹುಣಸೆಹಣ್ಣು."

"ಬೆಳಗಿದೆ ಬುದ್ಧಿ. ಕೊಳೆ ಕೂತಿತ್ತು."

"ಕೊಳೆಯಲ್ಲ ಕಣೋ. ನಾನು ಮನೆ ಬಿಟ್ಟ ದಿನ ನಮ್ಮವ್ವ ಕುಂಕುಮದ ಹೆಬ್ಬೆರಳನ್ನ ಇದರ ಮೇಲೆ ಒತ್ತಿ ಕೊಟ್ಟಿದ್ದಳು; ಆ ಗುರುತೇ ಹಳೇದಾಗಿ ಕಪ್ಪಾಗಿತ್ತು. ಅವಳದು ಅಂತ ಉಳಿದಿದ್ದು ಅದೊಂದೇ."

ಚನ್ನಮಲ್ಲ ದೊಪ್ಪನೆ ಕಾಲಿಗೆ ಬಿದ್ದ.

"ಒಂದು ಮಾತು ಹೇಳಬಾರದಿತ್ತೇ ಬುದ್ಧಿ?"

"ಹೇಳಿದ್ದೆ. ಮುಖಕ್ಕೆ ಬೆರಳು ತಾಗಿಸಬೇಡ ಅಂದಿದ್ದೆ."

ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಕಣ್ಣೆದುರು ನೆಲದ ಮೇಲೆ ಆ ಖಾಲಿ ಡಬ್ಬಿ ಬಿದ್ದಿತ್ತು.

"ಬುದ್ಧಿ... ಡಬ್ಬಿಯೊಳಗೆ ಒಂದು ಚೂರು ಕೆಂಪು ಅಂಟಿದೆ."

ಗುರುಗಳು ಕೈ ಚಾಚಿದರು.

"ಅದನ್ನ ಮುಚ್ಚಿ ಇಲ್ಲಿ ಕೊಡು. ನಾಣ್ಯ ನೀನೇ ಇಟ್ಕೋ. ಭೇಷ್ ಬೆಳಗಿದ್ದೀಯ."