ಹಿಮವನ್ನು ಹೊತ್ತ ಹಲಗೆ

"ನೀರು ಹಾಯಿಸಲು ತೋಡಿದ ಮರ, ಅದಕ್ಕೆ ನಮ್ಮೂರಲ್ಲಿ ದಂ... ದಂ... ಹಾಳಾದ್ದು, ನೆನಪಿಗೇ ಬಾರದು!" ಮನಾಲಿಯಲ್ಲಿ ಮಗಳ ಮನೆಯಲ್ಲಿದ್ದ ಭಾಗೀರಥಜ್ಜಿ ಮೊಮ್ಮಗಳೆದುರು ಗೊಣಗಿದಳು. "ಇರಲಿ ಸುರಭಿ, ಕಥೆ ಕೇಳು."

ಚಳಿಗಾಲವೆಲ್ಲ ಹಿಮದ ಮೇಲೆ ಜಾರಿ ನಲಿದ ಸ್ಕೀ ಹಲಗೆ, ಬಿಸಿಲೇರಿದಾಗ ಬೇಡಿಕೊಂಡಿತು: "ಹಿಮಣ್ಣಾ, ಕರಗಬೇಡ. ನನ್ನ ಆಟ ಮುಗಿಯುತ್ತದೆ."

"ಮರುಳೇ, ನಿನಗೆ ಆಟದ ಚಿಂತೆ. ಆಚೆ ಹೊಲದ ಬಾರ್ಲಿ ಬಾಯಾರಿ ಸಾಯುತ್ತಿದೆ. ಕರಗಿದರೂ ನಡುವಿನ ಕೊರಕಲನ್ನು ನಾನು ದಾಟಲಾರೆ," ಎಂದಿತು ಹಿಮ.

ಹಲಗೆ ಜಾರಿ ಹೋಗಿ ಕೊರಕಲಿಗೆ ಅಡ್ಡವಾಗಿ ಅಂಗಾತ ಮಲಗಿತು.

"ಇಷ್ಟು ದಿನ ನೀನು ನನ್ನನ್ನು ಹೊತ್ತೆ. ಈಗ ನನ್ನ ಸರದಿ, ಬಾ."

ಹಿಮ ನೀರಾಗಿ, ಹಲಗೆಯ ಹೊಟ್ಟೆಯುದ್ದಕ್ಕೂ ಇದ್ದ ತೋಡಿನಲ್ಲಿ ಹರಿದು ಪೈರನ್ನು ಮುಟ್ಟಿತು.

"ದಂಬೆ! ಸ್ಕೀ ದಂಬೆಯಾಯಿತು ಕಣೇ!" ಅಜ್ಜಿ ಚಪ್ಪಾಳೆ ತಟ್ಟಿದಳು. "ನನ್ನನ್ನು ಹೊತ್ತು ಬೆಳೆಸಿದ ಊರಿನ ಮಾತು. ಇನ್ನು ನೀನು ಹೊತ್ತುಕೋ ಪುಟ್ಟೀ, ಬರೆದಿಡು."