ಎರಡು ಗುಂಡಿಗಳ ಒಪ್ಪಂದ

ಬತ್ತಿದ ಹೊಳೆಯಲ್ಲಿ ಕಪ್ಪೆಯೊಂದು ಕೂಗಿಕೊಂಡಿತು: "ಎರಡಾಳು ಆಳಕ್ಕೆ ನೀರಿರಬೇಕು. ಬೇಗ ತೋಡಿ, ನನ್ನ ಮೈ ಒಣಗುತ್ತಿದೆ!"

"ಒಬ್ಬನೇ ತೋಡಿ ನೀರು ಸಿಗದಿದ್ದರೆ ಪಟ್ಟ ಪಾಡೆಲ್ಲ ದಂಡ. ಅರ್ಧ ನೀನು, ಅರ್ಧ ನಾನು," ಎಂದಿತು ನೀರು ಹುಡುಕಿ ಬಂದ ಅರಮನೆಯ ಆನೆ, ಪಕ್ಕದಲ್ಲಿದ್ದ ಕಾಡುಹಂದಿಗೆ. ಹಂದಿ ಒಪ್ಪಿತು.

ಅರಸನ ಹೆಸರು ಮೆರೆಯಲೆಂದು ಆನೆ ಎಲ್ಲರೂ ನಡೆಯುವ ದಾರಿಯ ಪಕ್ಕದಲ್ಲಿ ತೋಡಿತು. ಮೊದಲ ಗುಟುಕು ತನ್ನ ಮರಿಗಳಿಗೇ ಸಿಗಲೆಂದು ಹಂದಿ ತನ್ನ ಪೊದೆಯ ಬುಡದಲ್ಲಿ ತೋಡಿತು. ಕಪ್ಪೆ ಎರಡು ಗುಂಡಿಗಳ ನಡುವೆ ಕುಪ್ಪಳಿಸುತ್ತಲೇ ಇತ್ತು.

ಒಂದಾಳು ಆಳವಾದೊಡನೆ ಎರಡೂ ಕೆಲಸ ನಿಲ್ಲಿಸಿದವು.

"ನನ್ನ ಅರ್ಧ ಮುಗಿಯಿತು," ಎಂದಿತು ಆನೆ.

"ನನ್ನದೂ ಮುಗಿಯಿತು," ಎಂದಿತು ಹಂದಿ.

ಎರಡೂ ಸೇರಿ ಕಪ್ಪೆಯ ಮೇಲೆ ಹರಿಹಾಯ್ದವು: "ಎಲ್ಲಿ ನೀರು?"

"ಎರಡು ಗುಂಡಿಯಲ್ಲೂ ಇದೆ ಸ್ವಾಮಿ," ಎಂದಿತು ಕಪ್ಪೆ, "ನೀವು ತೋಡದೆ ಬಿಟ್ಟ ಅರ್ಧದಲ್ಲಿ."